ಕಣ್ಣಿಗೆ ಕೊಟ್ಟ ಕರೆಂಟು

ಜಜ್ಜಿಹೋದ ಕಾರುಗಳನ್ನು ತಟ್ಟಿ ನೆಟ್ಟಗೆ ಮಾಡಿ ಬಣ್ಣ ಹೊಡೆಯುವ ಗ್ಯಾರೇಜೊಂದರಲ್ಲಿ ಅವನದು ಬಣ್ಣ ಬೆರೆಸುವ ಕೆಲಸ. ಎಲ್ಲರೂ ಅವನನ್ನು ಬಣ್ಣಣ್ಣ ಎಂದು ಕರೆಯುತ್ತಿದ್ದರು. ಬಣ್ಣ ಬೆರೆಸುವುದೆಂದರೆ ಡಬ್ಬಿ ಬಿಚ್ಚಿ ಕಲಕುವುದಷ್ಟೇ ಅಲ್ಲ. ಗುದ್ದಿಸಿಕೊಂಡು ಬಂದ ಕಾರಿಗೆ ಹೊಸ ಬಾಗಿಲು ಹಾಕಿದರೂ ಉಳಿದ ಮೈಯೆಲ್ಲ ವರ್ಷಗಟ್ಟಲೆ ಬಿಸಿಲಿಗೆ ಬೆಂದು ಮಳೆಗೆ ನೆನೆದು ತನ್ನದೇ ಒಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸದು ಹಳೆಯದಕ್ಕೆ ಹೊಂದಬೇಕು. ಕಂಪನಿಯ ಪಟ್ಟಿಯಲ್ಲಿ ಬಿಳಿ ಎಂದರೆ ಬಿಳಿ, ಮುಗಿಯಿತು. ಬಣ್ಣಣ್ಣ ಮಾತ್ರ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದಷ್ಟು ಹೊತ್ತು ನೋಡಿ, ‘ಇದು ಬಿಸಿಲು ಕುಡಿದಿದೆ, ಒಂದು ಹನಿ ಹಳದಿ ಬೇಕು’ ಎಂದು ಎದ್ದು ಹೋಗುತ್ತಿದ್ದ. ಅವನು ಹೊಂದಿಸಿದ ಬಾಗಿಲು ಯಾವುದೆಂದು ಆಮೇಲೆ ಕಾರಿನ ಒಡೆಯನಿಗೂ ಗೊತ್ತಾಗುತ್ತಿರಲಿಲ್ಲ.

ಇಷ್ಟನ್ನೂ ಅವನು ನೋಡುತ್ತಿದ್ದದ್ದು ಒಂದೇ ಕಣ್ಣಿನಲ್ಲಿ. ಎಡಗಣ್ಣು ಚಿಕ್ಕವನಿದ್ದಾಗಲೇ ಆಟವಾಡುವಾಗ ಕೋಲಿನ ತುದಿ ತಾಗಿ ಹೋಗಿತ್ತು. ‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅಂತಾರೆ. ನಮ್ಮಮ್ಮನಿಗೆ ಎರಡೂ ಒಂದೇ ಕಡೆ ಸಿಕ್ಕಿತ್ತು’ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಮಕ್ಕಳಿರಲಿಲ್ಲ. ಹೆಂಡತಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದಲ್ಲಿದ್ದಳು. ಮಾತು ಸ್ವಲ್ಪ ಹರಿತ. ‘ಕಾರಿನ ಮೈಮೇಲಿನ ಗೀರು ಊರಾಚೆಯಿಂದ ಕಾಣುತ್ತೆ, ಎದುರಿಗಿಟ್ಟ ನೀರಿನ ಲೋಟ ಕಾಣಲ್ಲ’ ಎಂದು ಬಂದವರ ಮುಂದೆಲ್ಲ ಗಂಡನನ್ನು ಹಂಗಿಸುತ್ತಿದ್ದಳು. ಆದರೆ ತಾನು ಉಡುವ ಬಟ್ಟೆಯನ್ನು ಅವನಿಗೆ ತೋರಿಸದೆ ಎಂದೂ ಕೊಂಡವಳಲ್ಲ.

ಗ್ಯಾರೇಜಿನ ರೋಲಿಂಗ್ ಷಟರಿನ ಸ್ಪ್ರಿಂಗು ಸಡಿಲವಾಗಿ ಬಹಳ ಕಾಲವಾಗಿತ್ತು. ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳಿ, ಆಮೇಲೆ ಒಳಗಿನಿಂದ ಪೂರ್ತಿ ತಳ್ಳಬೇಕು ಎನ್ನುವುದು ಎಲ್ಲರಿಗೂ ರೂಢಿಯಾಗಿತ್ತು. ರಿಪೇರಿ ಮಾಡಿಸೋಣ ಎಂದು ಯಜಮಾನನೂ ಹೇಳುತ್ತಲೇ ಇದ್ದ. ಒಂದು ಬೆಳಿಗ್ಗೆ ಬಣ್ಣಣ್ಣ ಬಗ್ಗಿ ತಲೆಯೆತ್ತುವಷ್ಟರಲ್ಲಿ ಷಟರು ಜಾರಿ ಬಂದು ಬಲಹುಬ್ಬಿನ ಮೇಲೆ ಬಿತ್ತು. ಗಾಯವೇನೂ ದೊಡ್ಡದಲ್ಲ. ಉಗುರು ಗೀರಿದಷ್ಟು ಉದ್ದ, ನಾಲ್ಕು ಹನಿ ರಕ್ತ. ಅವನು ಷಟರಿಗೆ ಬಾಯಿಗೆ ಬಂದಂತೆ ಬೈದು, ಚಿಂದಿ ಬಟ್ಟೆ ಒತ್ತಿ ಹಿಡಿದು ಟೈರಿನ ಮೇಲೆ ಕೂತ. ಬಟ್ಟೆ ತೆಗೆದಾಗ ಎದುರಿಗಿದ್ದ ಕೆಂಪು ಕಾರು ಒದ್ದೆ ಕಾಗದದ ಆಚೆ ಇದ್ದ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕೆಂಪೂ ಅಲ್ಲ, ಕಾರೂ ಅಲ್ಲ. ಎಲ್ಲ ಕಡೆ ಬೂದಿ ಚೆಲ್ಲಿದಂತಿತ್ತು.

ಸುದ್ದಿ ಕೇಳಿ ಬಂದವರೆಲ್ಲ ‘ಹಣೆಬರಹ’ ಎಂದರು.

‘ಹಣೇಲಿ ಏನು ಬರೆದಿತ್ತು ಅಂತ ಓದೋಕೂ ಬಿಡದ ಹಾಗೆ ಷಟರ್ ಅದರ ಮೇಲೇ ಬಿತ್ತಲ್ಲ’ ಎಂದಳು ಹೆಂಡತಿ. ಯಾರಿಗೂ ನಗು ಬರಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ.

ಕಣ್ಣಾಸ್ಪತ್ರೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಸದಾ ಶೀತವಾದವರ ಹಾಗೆ ಒಡೆದ ದನಿ. ಕುರ್ಚಿಯನ್ನು ಎಳೆದುಕೊಂಡು ಬಂದು ಗಂಡ ಹೆಂಡತಿಯ ಎದುರಿಗೇ ಕೂತು ಮಾತಾಡಿದರು.

‘ಕಣ್ಣಿಗೆ ಏನೂ ಆಗಿಲ್ಲ. ಕಣ್ಣಿಂದ ಮಿದುಳಿಗೆ ಹೋಗೋ ನರ ಇದೆಯಲ್ಲ, ಅದು ಮೂಳೆಯೊಳಗಿನ ಒಂದು ಸಣ್ಣ ಕಿಂಡಿಯಲ್ಲಿ ನುಸುಳಿ ಹೋಗುತ್ತೆ. ಪೆಟ್ಟು ಬಿದ್ದಾಗ ಅಲ್ಲಿ ನಲುಗಿದೆ. ತುಂಡಾಗಿಲ್ಲ. ಆದ್ರೆ ನಲುಗಿದ ನರದ ಜೀವಕೋಶಗಳು ಒಂದೊಂದಾಗಿ ಸಾಯ್ತಾ ಹೋಗ್ತವೆ.’

‘ಹೊಲಿಯೋಕಾಗಲ್ವಾ?’ ಹೆಂಡತಿ ಕೇಳಿದಳು.

‘ಹೊಲಿಯೋಕೆ ಅದು ಹರಿದಿಲ್ಲಮ್ಮ.’

‘ಔಷಧಿ?’

‘ಕೊಡ್ತೀವಿ. ಗ್ಯಾರಂಟಿ ಅಂತ ಹೇಳೋ ಔಷಧಿ ಯಾವುದೂ ಇಲ್ಲ.’ ಡಾಕ್ಟರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ‘ಒಂದು ಪ್ರಯೋಗ ನಡೀತಾ ಇದೆ. ಕಣ್ಣಿನ ಮೂಲಕ ತೀರಾ ಸಣ್ಣ ಕರೆಂಟು ಕೊಡೋದು. ನೋವಾಗಲ್ಲ. ಇಲಿಗಳಲ್ಲಿ ಮಾಡಿ ನೋಡಿದಾಗ ಸಾಯಬೇಕಾಗಿದ್ದ ಕೆಲವು ಜೀವಕೋಶಗಳು ಬದುಕಿಕೊಂಡಿವೆ.’

‘ಇಲಿಗಳು ಕಣ್ಣು ಕಾಣುತ್ತೆ ಅಂತ ಹೇಳಿದ್ವಾ?’

‘ಏ, ಸುಮ್ನಿರೇ’ ಎಂದ ಬಣ್ಣಣ್ಣ. ಡಾಕ್ಟರು ನಕ್ಕರು. ಆಮೇಲೆ ನಗು ಬಿಟ್ಟು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಪ್ರಯೋಗಕ್ಕೆ ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಕರೆಂಟು, ಉಳಿದವರಿಗೆ ಖಾಲಿ. ಮೊದಲು ಒಂದು ಕ್ಷಣ ಎಲ್ಲರಿಗೂ ಕೊಟ್ಟು ನೋಡುತ್ತಾರೆ, ಆಮೇಲೆ ಖಾಲಿಯವರ ಪೆಟ್ಟಿಗೆ ತಾನಾಗಿ ನಿಂತುಬಿಡುತ್ತದೆ. ಯಾರಿಗೆ ಯಾವುದು ಎಂದು ಪ್ರಯೋಗ ಮುಗಿಯುವವರೆಗೆ ಡಾಕ್ಟರಿಗೂ ಗೊತ್ತಿರುವುದಿಲ್ಲ. ರೋಗಿಗಳು ತಮ್ಮತಮ್ಮಲ್ಲಿ ಈ ಮಾತು ಆಡಬಾರದು.

‘ಮುಳುಗೋನಿಗೆ ಹುಲ್ಲುಕಡ್ಡಿ ಕೊಟ್ಟು, ಅದರಲ್ಲೂ ಅರ್ಧ ಕಡ್ಡಿ ಸುಳ್ಳು ಅಂತೀರಲ್ಲ’ ಎಂದಳು ಹೆಂಡತಿ. ಆದರೆ ಸಹಿ ಹಾಕುವಾಗ ಗಂಡನ ಕೈ ಹಿಡಿದು ಜಾಗ ತೋರಿಸಿದವಳೂ ಅವಳೇ.

ಕರೆಂಟು ಕೊಡುವ ಕೋಣೆ ಚಿಕ್ಕದು. ಬಾಗಿಲು ಹಾಕಿದರೆ ಕಾರಿಡಾರಿನ ಗದ್ದಲ ಪೂರ್ತಿ ನಿಲ್ಲುತ್ತಿತ್ತು. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಒರಗುವ ಕುರ್ಚಿ. ಯಂತ್ರ ನೋಡಿಕೊಳ್ಳುವ ಹೆಂಗಸು ಕೂದಲೆಳೆಯಂಥ ತಂತಿಯೊಂದನ್ನು ಕೆಳರೆಪ್ಪೆಯೊಳಗೆ ಮೆಲ್ಲನೆ ಕೂರಿಸಿ, ಕಪಾಳದ ಮೇಲೆ ತಣ್ಣನೆಯ ಬಿಲ್ಲೆ ಅಂಟಿಸಿದಳು.

‘ಏನಾದ್ರೂ ಕಂಡ್ರೆ ಹೇಳಿ.’

ಮೊದಲು ಅದೇ ಬೂದಿ. ಆಮೇಲೆ ಬೂದಿಯ ಒಂದು ಅಂಚು ಅಲುಗಿತು. ಬಿಸಿಲಿಗೆ ಇಟ್ಟ ಬಕೆಟ್ಟಿನ ನೀರು ಚಾವಣಿಯ ಮೇಲೆ ಆಡುತ್ತದಲ್ಲ, ಹಾಗೆ ಬೆಳಕು ಪಟಪಟನೆ ಬಡಿದುಕೊಂಡಿತು.

‘ಬಂತು!’ ಬಣ್ಣಣ್ಣ ಕುರ್ಚಿಯ ಕೈ ಹಿಡಿದುಕೊಂಡ. ‘ಬಿಳಿ. ಅದಕ್ಕೆ ನೀಲಿ ಹಾಕಿದ್ದಾರೆ, ತೀರಾ ಸ್ವಲ್ಪ. ಅಂಚಿಗೆ ನೇರಳೆ ಇದೆ ನೋಡಿ...’

‘ಕಾಣ್ತಿದೆಯಾ ಇಲ್ವಾ, ಅಷ್ಟು ಹೇಳಿ ಸಾಕು.’

‘ಕಾಣ್ತಿದೆ ತಾಯಿ, ಕಾಣ್ತಿದೆ.’

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಷಟರು ಬಿದ್ದ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅಂದೇ. ಕರೆಂಟು ಕೊಟ್ಟಷ್ಟು ಹೊತ್ತೂ ಆ ನಗು ಹಾಗೇ ಇತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಏನೋ ಹೇಳಲು ಹೋದಳು. ‘ಸ್ವಲ್ಪ ಹೊತ್ತು ಮಾತಾಡ್ಬೇಡ ಕಣೇ, ಮರೆತುಹೋಗುತ್ತೆ’ ಎಂದ.

ವಾರಕ್ಕೊಮ್ಮೆ ಹೋಗಬೇಕಿತ್ತು. ಅದಕ್ಕಾಗಿ ಅವಳು ಲಾಂಡ್ರಿಯ ಬೆಳಗಿನ ಪಾಳಿಯನ್ನು ಬೇರೊಬ್ಬಳಿಗೆ ಬಿಟ್ಟುಕೊಟ್ಟು, ಬಾಯ್ಲರಿನ ಪಕ್ಕದ ಸೆಕೆಯ ಪಾಳಿಗೆ ಬದಲಾಯಿಸಿಕೊಂಡಳು. ಕಾರಿಡಾರಿನ ಬೆಂಚಿನಲ್ಲಿ ಅವರ ಜೊತೆ ಕಾಯುತ್ತಿದ್ದವನು ಒಬ್ಬ ಬಸ್ ಕಂಡಕ್ಟರು. ಬಣ್ಣಣ್ಣನಿಗಿಂತ ತುಂಬಾ ಚಿಕ್ಕವನು. ಡ್ರೈವರು ಗಕ್ಕನೆ ಬ್ರೇಕು ಹಾಕಿದಾಗ ಮುಗ್ಗರಿಸಿ, ಎರಡೂ ಹುಬ್ಬು ಒಟ್ಟಿಗೆ ಕಂಬಿಗೆ ಬಡಿದು, ಎರಡೂ ಕಣ್ಣು ಮಂಜಾಗಿದ್ದವು. ಆಸ್ಪತ್ರೆಗೆ ಒಬ್ಬನೇ ಬರುತ್ತಿದ್ದ. ಅವನ ಬೀದಿಯ ಬಸ್ಸಿನ ಕಂಡಕ್ಟರು ಹತ್ತಿಸಿಕೊಂಡು ಮುಂದಿನ ಬಸ್ಸಿನವನ ಕೈಗೆ ಒಪ್ಪಿಸುತ್ತಿದ್ದ, ಆ ಬಸ್ಸಿನವನು ಆಸ್ಪತ್ರೆಯ ಗೇಟಿನವನ ಕೈಗೆ. ‘ನಾನೀಗ ಲಗೇಜು ಅಣ್ಣಾ. ಟಿಕೆಟ್ಟೂ ಇಲ್ಲ’ ಎನ್ನುತ್ತಿದ್ದ.

ಆಡಬಾರದು ಎಂದ ಮಾತು ಎಷ್ಟು ದಿನ ಹೊಟ್ಟೆಯಲ್ಲಿ ನಿಂತೀತು?

‘ಅಣ್ಣಾ, ಒಳಗೆ ನಿಮಗೆ ಹೇಗೆ ಕಾಣುತ್ತೆ?’ ಕಂಡಕ್ಟರು ಒಂದು ದಿನ ಪಿಸುಗುಟ್ಟಿದ.

ಬಣ್ಣಣ್ಣ ನೀರು, ಬಿಸಿಲು, ನೀಲಿ, ನೇರಳೆ ಎಲ್ಲ ಹೇಳಿದ.

‘ಅಷ್ಟು ಹೊತ್ತೂ ಕಾಣುತ್ತಾ?’

‘ತಂತಿ ತೆಗೆಯೋವರೆಗೂ.’

‘ನಂಗೆ ಶುರುವಿನಲ್ಲಿ ಒಂದ್ಸಲ ಪಳಕ್ ಅನ್ನುತ್ತೆ, ಅಷ್ಟೇ. ಆಮೇಲೆ ಸುಮ್ನೆ ಕೂತು ಎದ್ದು ಬರ್ತೀನಿ.’

ಹೆಂಡತಿ ಬಣ್ಣಣ್ಣನ ತೊಡೆ ಚಿವುಟಿದಳು. ಅವನು ಮಾತು ಬದಲಿಸಿದ. ಬಸ್ಸಿನಲ್ಲಿ ಕೂತ ಮೇಲೆ, ‘ಪಾಪ, ಆ ಹುಡುಗನಿಗೆ ಖಾಲಿ ಡಬ್ಬಿ ಸಿಕ್ಕಿದೆ’ ಎಂದ. ಮರುಕ ನಿಜವಾದದ್ದೇ. ಆದರೆ ಮರುಕದ ಅಡಿಯಲ್ಲಿ ತನಗೆ ಸಿಕ್ಕಿತಲ್ಲ ಎಂಬ ಖುಷಿ ಸಣ್ಣಗೆ ಕುಣಿಯುತ್ತಿತ್ತು. ಅದಕ್ಕೆ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಖುಷಿ ಏನೂ ಕಡಿಮೆಯಾಗಲಿಲ್ಲ.

‘ಡಾಕ್ಟ್ರಿಗೆ ಹೇಳಿ ಒಂದೆರಡು ಸಲ ನನ್ನದನ್ನ ಅವನಿಗೆ ಕೊಡಿಸಿದ್ರೆ? ವಯಸ್ಸಿನ ಹುಡುಗ.’

‘ತನಗೆ ನಿಲ್ಲೋಕೆ ಜಾಗ ಇಲ್ಲ, ಕೊರಳಿಗೊಂದು ಡೋಲು’ ಎಂದಳು ಹೆಂಡತಿ. ‘ಸುಮ್ನೆ ಕೂತ್ಕೊಳ್ಳಿ.’

ಒಂದು ರಜೆಯ ದಿನ ಬೆಳಿಗ್ಗೆ ಅವನು ಹಾಸಿಗೆಯ ಮೇಲೆ ಕೂತು ಸುಮ್ಮನೆ ಕೈಯನ್ನು ಮುಖದ ಮುಂದೆ ಆಡಿಸಿದ. ಬೂದಿಯೊಳಗೆ ಏನೋ ಸರಿದಂತಾಯಿತು. ಮತ್ತೆ ಆಡಿಸಿದ. ಮತ್ತೆ ಸರಿಯಿತು. ಐದು ಬೆರಳ ನೆರಳು.

‘ಏ, ಬಾರೇ ಇಲ್ಲಿ! ಬೇಗ ಬಾ!’

ಅವಳು ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

‘ನನ್ನ ಕೈ ಕಾಣ್ತಾ ಇದೆ ಕಣೇ! ನೋಡು, ಹೀಗೆ ಬಂತು, ಹೀಗೆ ಹೋಯ್ತು.’

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು, ಇಷ್ಟು ಬಂದರೂ ಸಾಕು ಎಂದು ಅಳುತ್ತ ನಗುತ್ತ ಅವನ ತಲೆ ಸವರಿದಳು. ಆಮೇಲೆ, ಏನನ್ನೂ ಹೇಳದೆ, ತನ್ನ ಕೈಯನ್ನು ಅವನ ಕಣ್ಣೆದುರು ಆಡಿಸಿದಳು. ಹತ್ತಿರ ತಂದು ಆಡಿಸಿದಳು. ಅವನು ಅದೇ ನಗುಮುಖದಲ್ಲಿ ಅವಳ ಮಾತಿಗೆ ಕಾಯುತ್ತಿದ್ದ.

‘ಯಾಕೆ ಸುಮ್ಮನಾದೆ?’

‘ಏನಿಲ್ಲ. ಸಂತೋಷಕ್ಕೆ ಮಾತೇ ಬರ್ತಿಲ್ಲ’ ಎಂದಳು.

ಮುಂದಿನ ಸಲ ಅವನು ಡಾಕ್ಟರಿಗೆ ಹೆಮ್ಮೆಯಿಂದ ತೋರಿಸಿದ. ಅವರು ಅವನ ಕಣ್ಣಿಗೂ ಕೈಗೂ ನಡುವೆ ಒಂದು ರಟ್ಟು ಹಿಡಿದರು. ‘ಈಗ ಆಡಿಸಿ. ಕಾಣ್ತಿದೆಯಾ?’

‘ಕಾಣ್ತಿದೆ. ಚೆನ್ನಾಗೇ ಕಾಣ್ತಿದೆ.’

ಡಾಕ್ಟರು ರಟ್ಟನ್ನು ಅವನ ಕೈಗೆ ಕೊಟ್ಟು ಮುಟ್ಟಿಸಿದರು. ‘ನಡುವೆ ಇದಿತ್ತು. ನಿಮ್ಮ ಕೈ ಎಲ್ಲಿದೆ ಅಂತ ನಿಮ್ಮ ತಲೆಗೆ ಗೊತ್ತಲ್ವಾ? ಅದೇ ಚಿತ್ರ ಬರೀತಿದೆ. ತುಂಬಾ ಜನಕ್ಕೆ ಹೀಗಾಗುತ್ತೆ.’

ಬಸ್ ಸ್ಟಾಪಿಗೆ ಬಂದ ಮೇಲೆ ಅವನು ಹೆಂಡತಿಯನ್ನು ಕೇಳಿದ.

‘ನಿಂಗೆ ಅವತ್ತೇ ಗೊತ್ತಾಗಿತ್ತಾ?’

‘ಹೂಂ.’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ಒಂದು ವಾರ ಹೊಟ್ಟೆ ತುಂಬಾ ಊಟ ಮಾಡಿದ್ರಲ್ಲ, ಅದಕ್ಕೆ.’

ಅಷ್ಟರಲ್ಲಿ ಕಂಡಕ್ಟರಿಗೆ ಕಿಟಕಿ ಕಂಡಿತು. ಒಂದು ಬೆಳಿಗ್ಗೆ ಎದ್ದಾಗ ಗೋಡೆಯ ನಡುವೆ ಚೌಕಾಕಾರದ ಬೆಳಕು ಇತ್ತಂತೆ. ಎದ್ದು ಹೋಗಿ ಮುಟ್ಟಿದರೆ ಕಿಟಕಿಯ ಸರಳು ಸಿಕ್ಕಿತಂತೆ. ಬೆಂಚಿನಲ್ಲಿ ಕೂತು ಅವನು ಇದನ್ನು ಎರಡೆರಡು ಸಲ ಹೇಳಿದ. ಬಣ್ಣಣ್ಣ, ‘ಕೈ ನೆರಳಿನ ಹಾಗೆ ತಲೆ ಬರೆದ ಚಿತ್ರ ಇರ್ಬೇಕು ತಮ್ಮಾ, ತುಂಬಾ ನಂಬ್ಕೋಬೇಡ’ ಎಂದ. ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡ. ಆದರೆ ಮುಂದಿನ ವಾರ ಕಂಡಕ್ಟರು ಡಾಕ್ಟರ ಬೆರಳು ಎಣಿಸಿದ. ಅದರ ಮುಂದಿನ ಸಲ ಬಸ್ಸಿಳಿದು ತಾನೇ ನಡೆದು ಬಂದ. ಕಾರಿಡಾರಿನಲ್ಲಿ ಬಣ್ಣಣ್ಣನ ಎದುರೇ ನಿಂತುಕೊಂಡು ಬೆಂಚಿನಲ್ಲಿದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದ, ಯಾರೆಂದು ತಿಳಿಯದೆ ಸುಮ್ಮನೆ ನಿಂತೇ ಇದ್ದ. ಹೆಂಡತಿ, ‘ಏನಪ್ಪಾ, ಯಾರನ್ನ ಹುಡುಕ್ತಿದ್ದೀಯ?’ ಎಂದಾಗ ದನಿಯಿಂದ ಗುರುತು ಹತ್ತಿ ಕಂಡಕ್ಟರು ಬಣ್ಣಣ್ಣನ ಕೈ ಹಿಡಿದುಕೊಂಡ.

‘ಅಣ್ಣಾ, ನೀವು ಇಷ್ಟು ತೆಳ್ಳಗಿದ್ದೀರಾ! ಮಾತು ಕೇಳಿ ದಪ್ಪ ಅಂದ್ಕೊಂಡಿದ್ದೆ.’

ಬಣ್ಣಣ್ಣ ನಕ್ಕ. ‘ಖಾಲಿ ಡಬ್ಬೀಲೇ ಇಷ್ಟು ಕಂಡ್ರೆ, ನಿಜವಾದ್ದು ಸಿಕ್ಕಿದ್ರೆ ಏನಾಗ್ತಿದ್ಯೋ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ನನಗೂ ಬರುತ್ತದೆ, ಹಳೆಯ ನರ, ನಿಧಾನ ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಯೂ ಅದನ್ನೇ ಹೇಳಿದಳು. ಮೊದಲ ಬಾರಿಗೆ ಅವಳು ಹಂಗಿಸುವುದನ್ನು ಬಿಟ್ಟಿದ್ದಳು.

ಅವನಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿ ಇತ್ತು. ಕುರ್ಚಿಯಲ್ಲಿ ಒರಗಿದಾಗ ಬರುತ್ತಿದ್ದ ಬೆಳಕು ಸಣ್ಣದಾಗುತ್ತಿತ್ತು. ಮೊದಲು ನೇರಳೆ ಹೋಯಿತು, ಆಮೇಲೆ ನೀಲಿ. ಉಳಿದದ್ದು ಒಂದು ಮೂಲೆಯಲ್ಲಿ ಸೊಳ್ಳೆ ಹಾರಿದಷ್ಟು ಅಲುಗಾಟ. ಯಂತ್ರದ ಹೆಂಗಸು ಗುಂಡಿ ತಿರುಗಿಸುತ್ತ, ‘ಈಗ? ಈಗ?’ ಎಂದು ಕೇಳಿದಾಗ ಹುಬ್ಬಿನ ಒಳಗೆ ಜುಮುಜುಮು ಎನ್ನುತ್ತಿತ್ತು, ಬೆಳಕು ಬರುತ್ತಿರಲಿಲ್ಲ. ‘ಇಲ್ಲ’ ಎಂದರೆ ಕುರ್ಚಿಯಿಂದ ಎಬ್ಬಿಸಿ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ. ‘ಕಾಣ್ತಿದೆ’ ಎನ್ನುತ್ತಿದ್ದ. ಮೂಲೆಯ ಸ್ಟೂಲಿನ ಕಡೆ ಮುಖ ಮಾಡಿ ನಗುತ್ತಿದ್ದ.

ಪ್ರಯೋಗ ಮುಗಿದು, ಯಾರಿಗೆ ಯಾವ ಕರೆಂಟು ಎಂದು ಬರೆದಿಟ್ಟಿದ್ದ ಲಕೋಟೆಗಳನ್ನು ಬಿಚ್ಚಿದ ಮೇಲೆ ಎಲ್ಲರನ್ನೂ ಕರೆಸಿದರು. ಡಾಕ್ಟರು ಮಸೂರ ಹಿಡಿದು ಬಣ್ಣಣ್ಣನ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ಅವರ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು.

‘ನರ ಬಿಳಿಚಿಕೊಂಡಿದೆ’ ಎಂದರು.

‘ಯಾವ ಬಿಳಿ?’

‘ಅಂದ್ರೆ?’

‘ಬಿಳೀಲಿ ಬೇಕಾದಷ್ಟಿದೆ ಡಾಕ್ಟ್ರೇ. ಸರಿಯಾಗಿ ನೋಡಿ ಹೇಳಿ.’

ಡಾಕ್ಟರು ಅವನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಮತ್ತೆ ಮಸೂರ ಎತ್ತಿಕೊಂಡು ಬಗ್ಗಿದರು. ‘ಸೀಮೆಸುಣ್ಣದ ಹಾಗಿದೆ.’

‘ಹಳದಿ ಏನಾದ್ರೂ ಇದೆಯಾ? ಕೆಂಪು? ಒಂದು ಹನಿ?’

‘ಇರಬೇಕಿತ್ತು. ಆರೋಗ್ಯವಾಗಿರೋ ನರ ನಸುಗೆಂಪು ಇರುತ್ತೆ. ನಿಮ್ಮದರಲ್ಲಿ ಇಲ್ಲ.’

‘ಹಾಗಾದ್ರೆ ಅದು ಬರೀ ಬಿಳಿ’ ಎಂದ ಬಣ್ಣಣ್ಣ. ‘ಏನೂ ಬೆರೆಸದೇ ಇರೋದು.’ ಆಮೇಲೆ, ‘ನಂಗೆ ಬಂದಿದ್ದು ನಿಜವಾದ ಕರೆಂಟೇ ತಾನೆ?’ ಎಂದು ಕೇಳಿದ.

‘ಹೌದು. ನಿಮ್ಮದು ನಿಜವಾದದ್ದೇ.’

‘ಆ ಕಂಡಕ್ಟರ್ ಹುಡುಗನಿಗೆ?’

‘ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ.’

ಹೇಳಬೇಕಾಗಿಯೂ ಇರಲಿಲ್ಲ. ಕಂಡಕ್ಟರು ಹೊರಗೆ ಬೆಂಚಿನ ಹತ್ತಿರ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿದ್ದ, ಕೆಲಸಕ್ಕೆ ಮರಳಿ ಸೇರಿಕೊಂಡಿದ್ದ. ಇವರನ್ನು ಕಂಡೊಡನೆ ಎದ್ದು ನಿಂತ.

‘ನಂದು ಖಾಲಿ ಅಂತೆ ಅಣ್ಣಾ. ತಾನಾಗೇ ಬಂತಂತೆ.’ ತಪ್ಪು ಮಾಡಿ ಸಿಕ್ಕಿಬಿದ್ದವನ ದನಿ. ‘ನಾನೇನೂ... ನಂಗೂ ಇವತ್ತೇ ಗೊತ್ತಾಗಿದ್ದು.’

ಬಣ್ಣಣ್ಣ ಹೆಂಡತಿಯ ಕೈ ಬಿಡಿಸಿಕೊಂಡು, ಗೋಡೆ ಸವರುತ್ತ ತಾನೇ ಡಾಕ್ಟರ ಕೋಣೆಗೆ ಹಿಂದಿರುಗಿದ. ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. ಅದನ್ನು ಲೆಕ್ಕಿಸಲಿಲ್ಲ.

‘ಕರೆಂಟು ತಗೊಂಡೋನಿಗೆ ಬರ್ಲಿಲ್ಲ. ತಗೊಳ್ದೇ ಇರೋನಿಗೆ ಬಂತು. ಇದು ಯಾವ ನ್ಯಾಯ ಡಾಕ್ಟ್ರೇ?’

‘ನ್ಯಾಯ ಅಲ್ಲ’ ಎಂದರು ಡಾಕ್ಟರು. ‘ಕೆಲವರಿಗೆ ಏನೂ ಮಾಡದೇ ಇದ್ರೂ ಬರುತ್ತೆ. ಯಾರಿಗೆ ಅಂತ ಮುಂಚೆ ಹೇಳೋಕೆ ನಮಗೆ ಬರಲ್ಲ.’

‘ಮತ್ತೆ ಕರೆಂಟು ಏನು ಮಾಡ್ತು?’

‘ನಿಮ್ಮಲ್ಲಿ ಏನೂ ಮಾಡ್ಲಿಲ್ಲ. ಬೇರೆ ಕೆಲವರಲ್ಲಿ ಅಷ್ಟಿಷ್ಟು ಮಾಡಿರಬಹುದು. ಅದೂ ಇನ್ನೂ ಖಾತ್ರಿ ಇಲ್ಲ.’ ಅವರ ಒಡೆದ ದನಿ ಇನ್ನಷ್ಟು ಒಡೆದಿತ್ತು. ‘ಸುಳ್ಳು ಸಮಾಧಾನ ಹೇಳೋದು ನಂಗೆ ಇಷ್ಟ ಇಲ್ಲ.’

ಹೆಂಡತಿ ಹಿಂದೆಯೇ ಬಂದು ನಿಂತಿದ್ದಳು. ಬಣ್ಣಣ್ಣ ಕೈ ಮುಂದೆ ಚಾಚಿ ಮೇಜಿನ ಅಂಚು ಹಿಡಿದುಕೊಂಡ. ದನಿ ತಗ್ಗಿಸಿದ. ‘ಕಣ್ಣು ಬರೋದು ಬೇಡ ಡಾಕ್ಟ್ರೇ, ಅದನ್ನ ಕೇಳ್ತಿಲ್ಲ. ವಾರಕ್ಕೊಂದ್ಸಲ ಆ ಕುರ್ಚೀಲಿ ಕೂರಿಸಿ. ಆ ಬೆಳಕು ಒಂದಿದ್ರೆ ಸಾಕು.’

ಡಾಕ್ಟರು ಎದ್ದು ಬಂದು ಅವನ ಪಕ್ಕ ನಿಂತರು.

‘ಬಣ್ಣಣ್ಣ, ಕೊನೆಕೊನೆಗೆ ನಡುನಡುವೆ ಯಂತ್ರ ಬಂದ್ ಮಾಡಿ ಕೇಳ್ತಿದ್ವಿ. ಎಲ್ಲರನ್ನೂ ಹಾಗೇ ಪರೀಕ್ಷೆ ಮಾಡ್ತೀವಿ. ಬಂದ್ ಇದ್ದಾಗಲೂ ನೀವು ಕಾಣ್ತಿದೆ ಅಂದಿದ್ದೀರಿ.’

ಅವನ ಕೈ ಮೇಜಿನ ಅಂಚಿನ ಮೇಲೇ ಇತ್ತು.

‘ಬನ್ನಿ, ಹೋಗೋಣ’ ಎಂದಳು ಹೆಂಡತಿ.

ದಾರಿಯಲ್ಲಿ ಅವಳು ಒಂದೇ ಪ್ರಶ್ನೆ ಕೇಳಿದಳು. ‘ಯಾವಾಗಿಂದ ಕಾಣ್ತಿರಲಿಲ್ಲ?’

‘ಅವನಿಗೆ ಕಿಟಕಿ ಕಂಡ ಆಸುಪಾಸಿಂದ.’

‘ಮತ್ತೆ ನನ್ನ ಕಡೆ ತಿರುಗಿ ನಗ್ತಿದ್ರಲ್ಲ.’

‘ನೀನು ನೋಡ್ತಿದ್ದೆ ಅಂತ ಗೊತ್ತಿತ್ತು.’

ಅವಳು ಅವನ ಕೈಯನ್ನು ತನ್ನ ಕಂಕುಳಲ್ಲಿ ಒತ್ತಿ ಹಿಡಿದು ಹೊಂಡಗಳನ್ನು ತಪ್ಪಿಸುತ್ತ ನಡೆಸಿಕೊಂಡು ಹೋದಳು.

ಮನೆಯಲ್ಲಿ ಅವನು ದಿನಗಟ್ಟಲೆ ಮಲಗಿಯೇ ಇದ್ದ. ಹಗಲೇನು ಇರುಳೇನು, ಮಲಗಲು ಹೊತ್ತು ಬೇಕಿರಲಿಲ್ಲ. ಎಚ್ಚರವಿದ್ದಾಗ ಬೆರಕೆಗಳನ್ನು ಬಾಯಿಪಾಠ ಒಪ್ಪಿಸುವವನಂತೆ ಗೊಣಗುತ್ತಿದ್ದ. ಕಡುನೀಲಿಗೆ ಇಷ್ಟು ಕಪ್ಪು, ಬೆಳ್ಳಿಗೆ ಇಷ್ಟು ಬೂದು. ಕ್ರಮೇಣ ಅಳತೆಗಳು ನೆನಪಿದ್ದರೂ ಅವು ಯಾವ ಬಣ್ಣ ಕೊಡುತ್ತವೆ ಎಂಬುದು ಕಣ್ಮುಂದೆ ಬರದಾಯಿತು. ‘ಇವತ್ತು ಏನು ಉಟ್ಟಿದ್ದೀಯ?’ ಎಂದು ಕೇಳುತ್ತಿದ್ದ. ‘ಹಸಿರು’ ಎನ್ನುತ್ತಿದ್ದಳು ಅವಳು. ‘ಯಾವ ಹಸಿರು?’ ‘ಹಸಿರು ಅಂದ್ರೆ ಹಸಿರು ಕಣ್ರೀ, ಅದಕ್ಕಿಂತ ಹೆಚ್ಚು ನಂಗೆ ಹೇಳೋಕೆ ಬರಲ್ಲ’ ಎಂದು ಒಮ್ಮೆ ಅತ್ತೇಬಿಟ್ಟಳು. ಆಮೇಲೆ ಅವನು ಕೇಳಲಿಲ್ಲ.

ಗ್ಯಾರೇಜಿನ ಯಜಮಾನ ಕೆಟ್ಟವನಲ್ಲ. ಷಟರು ಬದಲಾಯಿಸಿದ್ದ. ಬಣ್ಣ ಬೆರೆಸಲು ಕಂಪ್ಯೂಟರು ತರಿಸಿದ್ದ. ಒಂದು ದಿನ ತಾನೇ ಮನೆಗೆ ಬಂದು, ‘ಪುಟ್ಟಿ ಉಜ್ಜೋ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ, ಅಂಗೈ ಇದ್ರೆ ಸಾಕು. ಬಾರಪ್ಪಾ’ ಎಂದು ಕರೆದ. ಹೆಂಡತಿ ಒತ್ತಾಯ ಮಾಡಿ ಕಳಿಸಿದಳು. ಜಜ್ಜಿದ ತಗಡಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವ ಕೆಲಸ. ಅಂಗೈ ಬೇಗ ಕಲಿಯಿತು. ಗುಂಡಿ ಎಲ್ಲಿದೆ, ಉಬ್ಬು ಎಲ್ಲಿದೆ ತಿಳಿಯುತ್ತಿತ್ತು. ಅದರಿಂದ ಅವನಿಗೇನೂ ಸಂತೋಷವಾಗಲಿಲ್ಲ. ಕಾರು ಯಾವ ಬಣ್ಣದ್ದೆಂದು ಯಾರೂ ಹೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಆಚೆ ಕಡೆ ಗಿರಾಕಿ ಜಗಳ ತೆಗೆಯುತ್ತ, ‘ಬಾಗಿಲೇ ಬೇರೆ ಬಣ್ಣ, ಮೈಯೇ ಬೇರೆ ಬಣ್ಣ’ ಎಂದು ಕೂಗಾಡುವುದು ಕೇಳಿಸುತ್ತಿತ್ತು. ‘ಕಂಪ್ಯೂಟರ್ ಕೊಟ್ಟಿದ್ದೇ ಅದು ಸಾರ್’ ಎಂದು ಬಣ್ಣ ಬೆರೆಸಲು ಬಂದ ಹೊಸಬ ಹೇಳುತ್ತಿದ್ದ. ಬಣ್ಣಣ್ಣ ಉಜ್ಜುವುದನ್ನು ನಿಲ್ಲಿಸುತ್ತಿರಲಿಲ್ಲ.

ಕಂಡಕ್ಟರು ಮೊದಮೊದಲು ರಜೆಯ ದಿನಗಳಲ್ಲಿ ಮನೆಗೆ ಬರುತ್ತಿದ್ದ. ಬಸ್ಸಿನ ಕಥೆಗಳನ್ನು ಹೇಳುತ್ತಿದ್ದ. ಹೇಳುವಾಗ ‘ನೋಡ್ದೆ’, ‘ಕಂಡೆ’ ಎಂಬ ಮಾತು ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಂಡು ನಿಲ್ಲುತ್ತಿದ್ದ. ಹಾಗೆ ನಿಲ್ಲುವುದನ್ನು ಕೇಳುವುದೇ ಬಣ್ಣಣ್ಣನಿಗೆ ಹಿಂಸೆಯಾಗುತ್ತಿತ್ತು. ಒಂದು ಸಲ, ‘ನಿಂಗೆ ಕೆಲಸ ಇರುತ್ತೆ ತಮ್ಮಾ, ಅಷ್ಟು ದೂರದಿಂದ ಬರ್ಬೇಡ’ ಎಂದುಬಿಟ್ಟ. ಕಂಡಕ್ಟರು ಕಾರಣ ಕೇಳಲಿಲ್ಲ. ಅವನು ಹೋದ ಮೇಲೆ ಹೆಂಡತಿ, ‘ಅವನೇನು ನಿಮ್ಮ ಕಣ್ಣು ಕದ್ದುಕೊಂಡು ಹೋದ್ನಾ?’ ಎಂದಳು.

‘ಇಲ್ಲ’ ಎಂದ ಬಣ್ಣಣ್ಣ. ‘ಕದ್ದಿದ್ರೆ ಬೈಬಹುದಿತ್ತು.’

ಸಂಜೆ ಲಾಂಡ್ರಿ ಬಿಟ್ಟ ಮೇಲೆ ಅವಳು ಗ್ಯಾರೇಜಿಗೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದಳು. ಅವನ ಹುಬ್ಬಿನ ಮೇಲೆ, ಕಿವಿಯ ಹಿಂದೆ ಕೂತ ಪುಟ್ಟಿಯ ಧೂಳನ್ನು ಕರವಸ್ತ್ರದಿಂದ ಕೊಡವಿ, ಬಸ್ ಸ್ಟಾಪಿಗೆ ನಡೆಸುತ್ತಿದ್ದಳು. ಅಂಥ ಒಂದು ಸಂಜೆ ಸ್ಟಾಪಿನಲ್ಲಿ ಜನ ತುಂಬಿದ್ದರು. ಬಸ್ಸೊಂದು ಬಂದು ನಿಂತಿತು. ಜನ ನುಗ್ಗಿದರು. ಹೆಂಡತಿ ಒಂದು ಹೆಜ್ಜೆ ಮುಂದಿಟ್ಟವಳು ತಟ್ಟನೆ ನಿಂತುಬಿಟ್ಟಳು. ಅವನ ಕೈ ಮೇಲಿನ ಅವಳ ಹಿಡಿತ ಬಿಗಿಯಾಯಿತು.

‘ಇದು ನಮ್ದಲ್ಲ’ ಎಂದಳು.

ಬಸ್ಸಿನ ಬಾಗಿಲಿನಿಂದ ದನಿ ಬಂತು. ‘ಮುಂದಕ್ಕೆ ಹೋಗಿ, ಒಳಗೆ ಜಾಗ ಇದೆ, ಮುಂದಕ್ಕೆ ಹೋಗಿ.’ ಬೆಂಚಿನಲ್ಲಿ ವಾರಗಟ್ಟಲೆ ಪಕ್ಕದಲ್ಲಿ ಕೂತು ಕೇಳಿದ ದನಿ. ಅದು ನಡುವೆ ಒಮ್ಮೆ ಕತ್ತರಿಸಿದಂತೆ ನಿಂತಿತು. ನಿಂತಷ್ಟು ಹೊತ್ತು ಬಸ್ಸೂ ಹೊರಡಲಿಲ್ಲ. ಆಮೇಲೆ ಗಂಟೆ ಎರಡು ಸಲ ಬಡಿಯಿತು, ಎಂಜಿನ್ನು ಗುರುಗುಟ್ಟಿತು, ಹೊಗೆಯ ಬಿಸಿ ಬಣ್ಣಣ್ಣನ ಕಾಲಿಗೆ ತಾಗಿತು.

‘ನಮ್ಮದು ಇನ್ನೂ ತಡ ಆಗುತ್ತೇನೋ’ ಎಂದ ಅವನು.

‘ಬರುತ್ತೆ, ನಿಂತ್ಕೊಳ್ಳಿ’ ಎಂದಳು.